ನನ್ನ ಧ್ವನಿಗೆ ಕಂಪನಿಯ ಬೀಗ

ಪುಕ್ಕಟೆ ಸೇವೆ ಮಾಡುವವನಿಗೆ ಕೊನೆಗೆ ಉಳಿಯುವುದು ಬೇಸರ ಒಂದೇ ಎಂಬುದು ನನ್ನ ಈಚಿನ ನಂಬಿಕೆ. ನಮ್ಮ ಹಳದೀಪುರದಲ್ಲಿ ಪೇಪರು ಬಂದರೆ ಮೊದಲು ನೋಡುವುದು ನಿಧನವಾರ್ತೆ. ಸರ್ಕಾರ ಬಿದ್ದದ್ದನ್ನು ಸಂಜೆಗೂ ಓದಬಹುದು. ಸತ್ತವರ ಮನೆಗೆ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಸಂಬಂಧವೇ ಕೆಡುತ್ತದೆ. ಕಣ್ಣು ಮಂಜಾದ ಮೇಲೂ ನನ್ನ ಅಕ್ಕ ಚಹಾಕ್ಕಿಂತ ಮುಂಚೆ ಕೇಳುವುದು, "ಇವತ್ತು ಯಾರು ಹೋದ್ರಾ ತಮ್ಮಾ?" ಅಂತ. ನನಗೋ ಹೊನ್ನಾವರದ ಬಸ್ಸು ಹಿಡಿಯುವ ಗಡಿಬಿಡಿ.

ಅಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನು, ಪೇಪರು ಓದಿ ಹೇಳುವ ಆ್ಯಪ್ ಒಂದನ್ನು ಅವಳಿಗಾಗಿ ಹುಡುಕಿದೆ. ಅದು ಮುಕ್ತ ತಂತ್ರಾಂಶ. ಅದರ ಸೋರ್ಸ್ ಕೋಡ್, ಅಂದರೆ ಒಳಗಿನ ಬರಹವನ್ನು, ಯಾರು ಬೇಕಾದರೂ ನೋಡಿ ತಿದ್ದಬಹುದಿತ್ತು. ನಿಧನವಾರ್ತೆ ಮೊದಲು ಬರುವಂತೆ ನಾನೂ ತಿದ್ದಿದೆ. ಓದಲು ಕನ್ನಡದ ಧ್ವನಿ ಬೇಕೆಂದು ಆ್ಯಪ್ ಮಾಡಿದ ಕಂಪನಿ ಕೇಳಿದಾಗ, ಶುಂಠಿ ಕಷಾಯ ಕುಡಿದು, ಬಾಗಿಲು ಹಾಕಿಕೊಂಡು, ತಿಂಗಳುಗಟ್ಟಲೆ ವಾಕ್ಯಗಳನ್ನು ಓದಿ, ರೆಕಾರ್ಡ್ ಮಾಡಿ ಪುಕ್ಕಟೆ ಕೊಟ್ಟೆ. ಲೋಕಕ್ಕೆಲ್ಲ ಉಪಯೋಗ ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದೆ. "ಆತು, ಲೋಕ ಉದ್ಧಾರ ಆದ್ಮೇಲೆ ಎರಡು ತೆಂಗಿನಕಾಯಿ ಸುಲಿದು ಕೊಡಿ" ಎಂದಳು.

ಕಳೆದ ಮಳೆಗಾಲದಲ್ಲಿ ಕಂಪನಿಗೆ ಬುದ್ಧಿ ಬಂತು. ಹೊಸ ಆವೃತ್ತಿಯ ಸೋರ್ಸ್ ಕೋಡ್ ಇನ್ನು ಹೊರಗಿನವರಿಗಿಲ್ಲ ಎಂದು ಸಾರಿತು. ಫೋನು ಅಪ್‌ಡೇಟ್ ಆದದ್ದೇ ತಡ, ಹಳೆಯ ಆ್ಯಪ್ ನಿಂತೇಹೋಯಿತು. ಹೊಸದರಲ್ಲಿ ಮೊದಲು ಕ್ರಿಕೆಟ್ಟು, ಆಮೇಲೆ ಷೇರುಪೇಟೆ, ಕಟ್ಟಕಡೆಗೆ ನಿಧನ. ಎಲ್ಲವೂ ನನ್ನದೇ ಧ್ವನಿಯಲ್ಲಿ. ತಿದ್ದಲು ದಾರಿಯಿಲ್ಲ. ಊರೆಲ್ಲ ಸೇರಿ ತೋಡಿದ ಬಾವಿಗೆ ಒಬ್ಬನೇ ಬೇಲಿ ಹಾಕಿಕೊಂಡ ಹಾಗಾಯಿತು. ಸಿಟ್ಟಿನಲ್ಲಿ ಇಂಗ್ಲಿಷಿನಲ್ಲಿ ಉದ್ದದ ಮೇಲ್ ಬರೆದೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಉತ್ತರ ಬಂತು.

ಅಷ್ಟರಲ್ಲಿ ಅಘನಾಶಿನಿ ಊರಿನ ನಾಗವೇಣಿ ತೀರಿಹೋದಳು. ಅಕ್ಕನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವಳು. ಷೇರುಪೇಟೆ ಏರಿಳಿಯುವಷ್ಟರಲ್ಲೇ ಅಕ್ಕನಿಗೆ ತೂಕಡಿಕೆ ಬಂದು, ಸುದ್ದಿ ಕಿವಿಗೆ ಬೀಳಲೇ ಇಲ್ಲ. ಹನ್ನೆರಡನೆಯ ದಿನದ ಊಟವೂ ಮುಗಿದ ಮೇಲೆ ಬಸ್ಸಿನಲ್ಲಿ ಯಾರೋ ನನಗೆ ಹೇಳಿದರು. "ಕಡೀಗೆ ಒಂದ್ಸಲ ಅವಳ ಮನೆ ಬಾಗಿಲಿಗೆ ಹೋಗೂಕೂ ಆಗ್ಲಿಲ್ಲ" ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆ್ಯಪ್ ತೆಗೆದುಹಾಕಿದೆ. ಮರುದಿನ ಬೇಗ ಎದ್ದು, ನಾನೇ ಎದುರು ಕುಳಿತು ನಿಧನವಾರ್ತೆ ಓದತೊಡಗಿದೆ. ನಾಲ್ಕು ಸಾಲು ಕೇಳಿದ ಅಕ್ಕ ಕೈ ಅಡ್ಡ ಹಿಡಿದಳು. "ಎಂತದಾ ಇದು, ಬರೀ ಗೊಣಗೊಣ! ಫೋನಿನ ಒಳಗಿದ್ದ ತಮ್ಮ ಎಷ್ಟು ಚಂದ ಓದ್ತಿದ್ದ!"

ನನ್ನಲ್ಲಿದ್ದ ಒಳ್ಳೆಯದನ್ನೆಲ್ಲ ಕಂಪನಿ ಬೀಗ ಹಾಕಿ ಇಟ್ಟುಕೊಂಡಿದೆ. ಅಕ್ಕನ ಪಾಲಿಗೆ ಉಳಿದವನು ನಾನು.