ಜೀಪಣ್ಣನ ಬಿಪಿ ಮತ್ತು ಮುಂದಿನ ಸೀಟು

ಬಿಪಿ ನೋಡುವ ಕೆಲಸಕ್ಕೆ ಸೇರಿದ ಮೇಲೆ ನಾನು ನಗದೆ ಮನೆಗೆ ಹೋದ ದಿನವೇ ಇಲ್ಲ. ಬೇಡ ಅಂದರೂ ಎಂತಾದರೊಂದು ಆಗಿಯೇ ಆಗುತ್ತದೆ. ಪುತ್ತೂರಿನ ದರ್ಬೆಯ ಒಂದು ಆಸ್ಪತ್ರೆಯಲ್ಲಿ ನಾನು ಕೇರ್ ಮ್ಯಾನೇಜರ್. ಡಾಕ್ಟ್ರು ಮಾತ್ರೆ ಬರೆಯುತ್ತಾರೆ, ಅದು ರೋಗಿಯ ಹೊಟ್ಟೆ ಸೇರುವ ಹಾಗೆ ನೋಡಿಕೊಳ್ಳುವವ ನಾನು. ಫೋನ್ ಮಾಡುದು, ಮನೆಗೆ ಹೋಗುದು, ತೋಳಿಗೆ ಪಟ್ಟಿ ಕಟ್ಟುದು, ಬೈಯುದು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಜಾಲಾಡಿದರೂ ಈ ಕೆಲಸದಲ್ಲಿ ನನ್ನನ್ನು ಮೀರಿಸುವವ ಸಿಗಲಿಕ್ಕಿಲ್ಲ. ಹಳ್ಳಿಯಲ್ಲಿ ಬೆಳೆದವ ನಾನು. ಯಾವ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚುತ್ತದೆ ಅಂತ ಗೇಟಿನಲ್ಲೇ ಹೇಳಬಲ್ಲೆ.

ಇಂಥ ನನಗೂ ನೀರು ಕುಡಿಸಿದವರು ಕಡಬದ ಜೀಪಣ್ಣ. ಪೇಟೆಯಿಂದ ಒಳಗಿನ ಊರುಗಳಿಗೆ ಸರ್ವಿಸ್ ಜೀಪು ಓಡಿಸುತ್ತಾ ತಲೆ ನರೆತವರು. ಬಿಪಿ ಏರಿ ತಲೆ ತಿರುಗಿದಾಗ ಡಾಕ್ಟ್ರು, "ಹತೋಟಿಗೆ ಬರುವವರೆಗೆ ಸ್ಟೇರಿಂಗ್ ಮುಟ್ಟಬಾರದು" ಅಂದುಬಿಟ್ಟಿದ್ದರು.

ನಿಂತ ಜೀಪು

ಮೊದಲ ಸಲ ಹೋದಾಗ ಅವರು ಮನೆಯೊಳಗಿರಲಿಲ್ಲ. ಶೆಡ್ಡಿನಲ್ಲಿ ನಿಂತಿದ್ದ ಜೀಪಿನೊಳಗೆ ಕೂತಿದ್ದರು.

"ಇಳಿಯಿರಿ ಜೀಪಣ್ಣ, ಬಿಪಿ ನೋಡುವ."

"ಇಲ್ಲೇ ಕಟ್ಟು."

ಕಟ್ಟಿದೆ. ಪಟ್ಟಿ ಉಬ್ಬುವಾಗ ಅವರ ಇನ್ನೊಂದು ಕೈ ಗೇರಿನ ಮೇಲೆ ಹೋಯಿತು. ಮಿಷನ್ ಎರರ್ ತೋರಿಸಿತು.

"ಸುಮ್ಮನೆ ಕೂರಿ ಮಾರಾಯ್ರೆ!"

"ಏರು ಬಂತಲ್ಲ ಮಾರಾಯ, ಸೆಕೆಂಡಿಗೆ ಹಾಕದಿದ್ದರೆ ಎಳೆಯುದಿಲ್ಲ!"

ಆಮೇಲೆ ಪಕ್ಕದ ಸೀಟನ್ನು ಅಂಗೈಯಿಂದ ಒರೆಸಿ ಮೆಲ್ಲ ಹೇಳಿದರು: "ಈ ಸೀಟಲ್ಲಿ ಇಡೀ ಊರು ಕೂತಿತು, ಅವಳೊಬ್ಬಳು ಕೂರಲಿಲ್ಲ. ಮುಂದೆ ಕೂರಿಸಿ ಸುಳ್ಯದ ತವರಿಗೆ ಕರಕೊಂಡು ಹೋಗ್ತೇನೆ ಅಂತ ಮದುವೆಯಾದ ಹೊಸತರಲ್ಲಿ ಹೇಳಿದ್ದೆ. ದಿನಾ ಯಾರಾದರೂ ಗಿರಾಕಿ. ಅವಳು ಹಿಂದೆ, ಹಿಂಡಿ ಗೋಣಿಯ ಮೇಲೆ. ಈಗ ಗಿರಾಕಿ ಇಲ್ಲ, ಸೀಟು ಖಾಲಿ ಉಂಟು. ಓಡಿಸುವ ಹಾಗಿಲ್ಲ."

"ನಾನಿದ್ದೇನೆ. ಒಂದು ತಿಂಗಳಲ್ಲಿ ಇಳಿಸಿ ಕೊಡ್ತೇನೆ" ಅಂದೆ ಎದೆ ಉಬ್ಬಿಸಿ.

"ಬಿಪಿಯನ್ನಾ, ನನ್ನನ್ನಾ?"

ಉಪ್ಪು ಬಿಟ್ಟ ಮನೆ

ತಿಂಗಳು ಕಳೆಯಿತು, ಬಿಪಿ ಮಾತ್ರ ಅಟ್ಟದಲ್ಲೇ. ಮಾತ್ರೆ ತಪ್ಪುತ್ತಿರಲಿಲ್ಲ. "ಉಪ್ಪು?" ಅಂತ ಗದರಿದೆ.

"ಮುಟ್ಟುದಿಲ್ಲ" ಅಂದರು ಜೀಪಣ್ಣ. "ಗಂಜಿಗೂ ಹಾಕುದಿಲ್ಲ" ಅಂದರು ಅಕ್ಕ, ಅವರ ಹೆಂಡತಿ.

ಆದರೆ ನನ್ನ ಮೂಗು ಹಳ್ಳಿಯದ್ದು. ಅಡುಗೆಕೋಣೆಯ ಮೂಲೆಯ ಭರಣಿಯ ಮುಚ್ಚಳ ತೆಗೆದೆ. ಕುತ್ತಿಗೆವರೆಗೆ ಉಪ್ಪುಸೊಳೆ! ಹಲಸಿನ ಸೊಳೆ ಉಪ್ಪುನೀರಲ್ಲಿ ಮುಳುಗಿ ಹಾಯಾಗಿ ಮಲಗಿತ್ತು.

"ಇದೆಂತದು ಅಕ್ಕ?"

"ಹಲಸು."

"ಉಪ್ಪು ಬಿಟ್ಟಿದ್ದೇವೆ ಅಂದಿರಿ!"

"ಬಿಟ್ಟಿದ್ದೇವಲ್ಲ. ಹಾಗಾಗಿಯೇ ದಿನಾ ಇದರ ಪಲ್ಯ ಮಾಡುದು. ಇದಕ್ಕೆ ಬೇರೆ ಉಪ್ಪು ಹಾಕುವ ಕೆಲಸವೇ ಇಲ್ಲ ನೋಡು."

ಬಳೆ

ಭರಣಿ ನೆರೆಮನೆಗೆ ಹೋಯಿತು. ಮನೆಯಲ್ಲೇ ನೋಡಿಕೊಳ್ಳಲಿ ಅಂತ ನಾನು ಬಿಟ್ಟು ಬಂದಿದ್ದ ಮಿಷನ್ನಿನ ಫೋಟೊವನ್ನು ಮರುವಾರವೇ ಜೀಪಣ್ಣ ಕಳಿಸಿದರು. ಎಂಥಾ ಬಿಪಿ! ಎಳೆ ಮಗುವಿನ ಹಾಗೆ. ನಾನು ಆಸ್ಪತ್ರೆಯಿಡೀ ಫೋಟೊ ತೋರಿಸಿ ಮೆರೆದೆ. "ಇದು ನನ್ನ ಕೈಗುಣ" ಅಂತ ಡಾಕ್ಟ್ರ ಮೇಜಿನ ಮೇಲೂ ಹಿಡಿದೆ.

ಡಾಕ್ಟ್ರು ಕನ್ನಡಕ ಏರಿಸಿ ನೋಡಿದರು. "ನಿಮ್ಮ ಡ್ರೈವರು ಬಳೆ ಹಾಕ್ಲಿಕ್ಕೆ ಶುರು ಮಾಡಿದ್ದು ಯಾವಾಗ?"

ಬೈಕು ಹಾರಿಸಿಕೊಂಡು ಕಡಬಕ್ಕೆ ಹೋದೆ. ಜೀಪಣ್ಣ ತಲೆ ತಗ್ಗಿಸಿ ಕೂತಿದ್ದರು. ಅಕ್ಕನೇ ಮುಂದೆ ಬಂದರು. "ಅವರಿಗೆ ಬೈಬೇಡ. ಕೈ ಕೊಟ್ಟವಳು ನಾನು. ತವರಿಗೆ ಉಡಬೇಕು ಅಂತ ಇಟ್ಟ ಸೀರೆ ಮಡಿಕೆಯಲ್ಲೇ ಹರಿಯುತ್ತಾ ಬಂತು ಮಾರಾಯ."

ಬೈಯಲಿಕ್ಕೆ ಬಂದವ ನಾನು ಹೆಲ್ಮೆಟ್ ತೆಗೆದು ಜಗಲಿಯಲ್ಲಿ ಕೂತೆ. ಜೀಪಣ್ಣ ಆ ಸಂದು ನೋಡಿ ತಲೆ ಎತ್ತಿದರು: "ಅವಳ ಬಿಪಿ ಅಷ್ಟು ಒಳ್ಳೆದುಂಟಲ್ಲ, ಅರ್ಧರ್ಧ ಮಾಡಿ ಬರೆದುಕೊಳ್ಳಲಿಕ್ಕೆ ಆಗುದಿಲ್ಲವಾ?"

ಸುಳ್ಯದ ದಾರಿ

ಆಮೇಲೆ ಅವರು ನಿಜವಾಗಿ ಪಥ್ಯ ಹಿಡಿದರು. ಬೆಳಿಗ್ಗೆ ನಡೆದರು, ಸಪ್ಪೆ ಗಂಜಿ ಉಂಡರು, ಮಾತ್ರೆ ಬದಲಾಯಿಸಿದ್ದೂ ಹಿಡಿಯಿತು. ಮಳೆ ಮುಗಿಯುವ ಹೊತ್ತಿಗೆ ಬಿಪಿ ಇಳಿದು ನಿಂತಿತು, ತಲೆ ತಿರುಗುದೂ ಹೋಯಿತು. ಡಾಕ್ಟ್ರು ತಾವೇ ಪಟ್ಟಿ ಕಟ್ಟಿ ನೋಡಿ, "ಹೋಗಿ ಬನ್ನಿ, ನಿಧಾನ" ಅಂದರು.

ಹೊರಡುವ ದಿನ ಅಕ್ಕ ಆ ಸೀರೆ ಉಟ್ಟು ಮುಂದಿನ ಸೀಟಲ್ಲಿ ಕೂತರು, ಹೊಸ ಮದುಮಗಳ ಹಾಗೆ ನೆಟ್ಟಗೆ. ಮಿಷನ್ ಹಿಡಿದು ನಾನು ಹಿಂದೆ. ನಾನಿಲ್ಲದೆ ಇದೆಲ್ಲ ಎಲ್ಲಿ ಆಗುತ್ತಿತ್ತು?

ಪೇಟೆ ದಾಟುವ ಮೊದಲೇ ಒಬ್ಬರು ಕೈ ಅಡ್ಡ ಹಿಡಿದರು. ಜೀಪಣ್ಣನ ಕಾಲು ತನ್ನಿಂದ ತಾನೇ ಬ್ರೇಕಿಗೆ ಹೋಯಿತು. "ಹತ್ತಿ ಹತ್ತಿ, ಹಿಂದೆ ಜಾಗ ಉಂಟು!" ಪಂಜ ಮುಟ್ಟುವಾಗ ಹಿಂದೆ ಕಾಲಿಡಲು ಜಾಗವಿಲ್ಲ, ನಾನು ಮೆಟ್ಟಿಲಲ್ಲಿ ನೇತಾಡುತ್ತಿದ್ದೆ. ಮುಂದೆ ಕೋಳಿ ಹಿಡಿದ ಅಜ್ಜಿಯೊಬ್ಬರು ಹತ್ತಿದರು. ಜೀಪಣ್ಣ ರಸ್ತೆಯಿಂದ ಕಣ್ಣು ತೆಗೆಯದೆ ಹೆಂಡತಿಗೆ ಹೇಳಿದರು: "ಅಕ್ಕ, ಸ್ವಲ್ಪ ಜರಗಿ!"

ಸುಳ್ಯದ ತವರಿನ ಗೇಟು ಬಂದಾಗ ಗಿರಾಕಿಗಳೆಲ್ಲ ಇಳಿದು ಹೋಗಿದ್ದರು. ಒಳಗಿನಿಂದ ಅಕ್ಕನ ತಮ್ಮನ ಹೆಂಡತಿ ಓಡಿ ಬಂದಳು. ಅಕ್ಕ ಇಳಿಯಲಿಲ್ಲ.

"ಎಂತ, ಇಳಿಯುದಿಲ್ಲವಾ?" ಜೀಪಣ್ಣ ಹೆದರಿದರು.

"ಜೀಪು ಖಾಲಿ ಆದದ್ದು ಈಗ" ಅಂದರು ಅಕ್ಕ, ಸೆರಗು ಸರಿಮಾಡುತ್ತಾ. "ಒಂದು ಸುತ್ತು ಹೊಡೆದು ಬರುವ. ಯಾರು ಕೈ ಅಡ್ಡ ಹಿಡಿದರೂ ನಿಲ್ಲಿಸಬೇಡಿ."

ಜೀಪಣ್ಣ ನಾಚಿ ಗೇರು ಹಾಕಿದರು. ನಾನು ಹೆಮ್ಮೆಯಿಂದ ಹಿಂದಿನ ಸೀಟಲ್ಲಿ ಕಾಲು ಚಾಚಿದೆ. ಅಕ್ಕ ತಿರುಗಿ ನೋಡಿದರು.

"ಇವ ಇನ್ನೂ ಇಳಿಯಲಿಲ್ಲವಾ?"