ನಮ್ಮ ಮಾಮಾನ ಹಾಡಿಗೆ ನಿದ್ದೆ ಗ್ಯಾರಂಟಿ

ನಿಮ್ಮಲ್ಲಿ ಯಾರಿಗಾದರೂ ನಿದ್ದೆ ಬರುವುದಿಲ್ಲವೇ? ಗುಳಿಗೆ ನುಂಗಬೇಡಿ, ಹಾಲಿಗೆ ಜಾಜಿಕಾಯಿ ತೇಯ್ದು ಕುಡಿಯಬೇಡಿ. ಚಿಕ್ಕೋಡಿಗೆ ಬಂದು ನಮ್ಮ ಮಾಮಾನನ್ನು ಕರೆದೊಯ್ಯಿರಿ. ಗಿಟಾರಿನ ಕಿವಿ ಹಿಂಡಿಕೊಂಡು ಅವನು ಹಾಡಿನ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನೀವು ಗೊರಕೆ ಹೊಡೆಯದಿದ್ದರೆ ನನ್ನ ಹೆಸರು ಬದಲಿಸಿ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ, ಇದೇ ಅವನ ಬಾಳಿನ ದುಃಖ.

ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ತಾನೇ ಹಾಡು ಬರೆದು, ತಾನೇ ರಾಗ ಕಟ್ಟಿ, ಊರೂರು ತಿರುಗಿ ಹಾಡುವುದು ಅವನ ಕಸುಬು. ಮೇಳವಿಲ್ಲ, ಮ್ಯಾನೇಜರನಿಲ್ಲ, ಜೊತೆಗೊಬ್ಬ ತಬಲಾದವನೂ ಇಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇಷ್ಟೇ ಅವನ ಜಗತ್ತು. ಈ ತಿರುಗಾಟಕ್ಕೆ ಅವನು ‘ಟೂರ್’ ಎನ್ನುತ್ತಾನೆ, ಅವ್ವ ‘ಸುಮ್ನ ಅಡ್ಡಾಡೂದು’ ಎನ್ನುತ್ತಾಳೆ.

ಬೇರೆಯವರ ಹಾಡನ್ನು ಅವನು ಸತ್ತರೂ ಹಾಡುವುದಿಲ್ಲ. ಅವನದೇ ಹಾಡುಗಳೋ, ಒಂದಕ್ಕಿಂತ ಒಂದು ನಿಧಾನ. ಅವುಗಳಲ್ಲಿ ಅವನ ಪ್ರಾಣವೆಂದರೆ ಹೊಳೆಯ ಹಾಡು. ಕೃಷ್ಣಾ ನದಿಯ ದಂಡೆಯಲ್ಲಿ ಒಬ್ಬ ದೋಣಿಗಾಗಿ ಕಾಯುತ್ತಿದ್ದಾನೆ. ‘ಹೊಳಿ ಇಳದಮ್ಯಾಲ ಬಾ ಅಂಬಿಗಾ, ನನಗೇನ ಅವಸರಿಲ್ಲ’ ಎಂದು ಶುರುವಾಗುತ್ತದೆ. ಅವನಿಗೆ ಅವಸರವಿಲ್ಲ ಸರಿ, ಕೇಳುವವರಿಗೆ ಮನೆ ಮಾರು ಇರುವುದಿಲ್ಲವೇ?

ನಿಪ್ಪಾಣಿಯಲ್ಲಿ ಒಂದು ಮೊಬೈಲ್ ಅಂಗಡಿಯ ಉದ್ಘಾಟನೆಗೆ ಅವನನ್ನು ಕರೆಸಿದ್ದರು. ಗಿಟಾರ್ ಹೊರಲು ನಾನೂ ಹೋಗಿದ್ದೆ. ಅಂಗಡಿಯ ಮಾಲಕ, “ಜೋರದಾರ್ ಒಂದ ಸಿನೆಮಾದ ಹಾಡ ಆಗ್ಲಿರಿ, ಮಂದಿ ಕೂಡ್ಲಿ” ಅಂದ.

“ನಾ ಮಂದಿ ಹಾಡ ಹಾಡೂದಿಲ್ರಿ” ಅಂದ ಮಾಮಾ, ಹೊಳೆಯ ಹಾಡು ಎತ್ತಿಕೊಂಡ. ರಸ್ತೆಯಲ್ಲಿ ನಿಂತಿದ್ದ ಜನ ಕರಗತೊಡಗಿದರು. ಬಲೂನು ಊದುತ್ತಿದ್ದವನು ಕುರ್ಚಿಯಲ್ಲೇ ಕತ್ತು ವಾಲಿಸಿದ. ಮಾಲಕ ನನ್ನ ಕಿವಿಯ ಹತ್ತಿರ ಬಂದು, “ಈ ಅಂಬಿಗ ಯಾವಾಗ ಬರ್ತಾನೋ ತಮ್ಮಾ?” ಅಂತ ಕೇಳಿದ.

“ಬರೂದಿಲ್ರಿ. ಹಾಡ ಮುಗದ್ರೂ ಬರೂದಿಲ್ಲ.”

“ಹಂಗಾದ್ರ ಗಿರಾಕೀನೂ ಬರೂದಿಲ್ಲ” ಅಂದು ಮಾಲಕ ಮೈಕಿನ ವಾಯರ್ ಕಿತ್ತ.

ಬಸ್ಸಿನ ಕತೆ ಇನ್ನೊಂದು. ರಾಯಬಾಗದ ಬಸ್ಸಿನಲ್ಲಿ ಗಿಟಾರಿನ ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ್ದಕ್ಕೆ ಕಂಡಕ್ಟರ್ ತಕರಾರು ತೆಗೆದ. “ಇದಕ್ಕ ಪೂರಾ ಟಿಕೇಟ್ ಕೊಡ್ಲೋ, ಅರ್ಧಾ ಕೊಡ್ಲೋ? ಹಾಡಾವ್ರು ಅಂದ್ರ ಒಂದ ಹಾಡ್ರಿ ನೋಡೂಣು, ಪುಕ್ಕಟ ಬಿಡ್ತೀನಿ” ಅಂದ. ಮಾಮಾ ಹಾಡಿದ. ಕಂಡಕ್ಟರ್ ಕಂಬಕ್ಕೆ ತಲೆ ಆನಿಸಿ ಮಲಗಿದ, ಸೀಟಿ ಊದುವವರೇ ಇಲ್ಲದೆ ನಡುವಿನ ಊರುಗಳಲ್ಲಿ ಇಳಿಯಬೇಕಾದವರೂ ಮಲಗಿ ರಾಯಬಾಗ ಸೇರಿದರು. ಪುಣ್ಯಕ್ಕೆ ಡ್ರೈವರನಿಗೆ ಎಂಜಿನ್ನಿನ ಸದ್ದಿನಲ್ಲಿ ಹಾಡು ಕೇಳಿಸಿರಲಿಲ್ಲ. ಅಲ್ಲಿ ಇಳಿದವರು ಬೈದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಅಥಣಿಯಲ್ಲಿ ಜೈನ ವ್ಯಾಪಾರಿಯೊಬ್ಬರ ಹೊಸ ಮನೆಯ ವಾಸ್ತುಶಾಂತಿಯಲ್ಲಂತೂ ಪ್ರಾಣಕ್ಕೇ ಬಂದಿತ್ತು. ಮನೆಯ ಅಜ್ಜ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಹಾಡು ಮುಗಿದಾಗ ನೋಡಿದರೆ ಅಜ್ಜನ ಬಾಯಿ ತೆರೆದಿದೆ, ಕೈ ಜೋತುಬಿದ್ದಿದೆ. “ಅಜ್ಜಾ ಹ್ವಾದ್ರಲ್ಲೋ” ಎಂದು ಹೆಂಗಸರು ಅಳಲು ಶುರುಮಾಡಿದರು. ಯಾರೋ ಮುಖಕ್ಕೆ ನೀರು ಚಿಮುಕಿಸಿದಾಗ ಅಜ್ಜ ಕೆಂಡವಾಗಿ ಎದ್ದು ಕೂತರು. “ಎಷ್ಟ ದಿನಕ್ಕ ಕಣ್ಣ ಹತ್ತಿದ್ವು, ಯಾಕ ಎಬ್ಬಿಸಿದ್ರೋ?” ಎಂದು ಎಲ್ಲರನ್ನೂ ಝಾಡಿಸಿ, ಮಾಮಾನ ಕಡೆ ತಿರುಗಿ, “ನೀ ಮತ್ತ ಹಾಡೋ ತಮ್ಮಾ” ಅಂದರು.

ಎಲ್ಲರೂ ನಕ್ಕರು. ಮಾಮಾ ಮಾತ್ರ ಊಟಕ್ಕೂ ನಿಲ್ಲದೆ ಹೊರಟ. “ನನ್ನ ಹಾಡ ಕೇಳಾಕ ಐತಿ, ಮಲಗಾಕಲ್ಲ” ಅಂದ. ನನಗೋ ಹೋಳಿಗೆ ತಪ್ಪಿದ ಸಂಕಟ.

ನಮ್ಮ ಕಡೆ ಒಬ್ಬ ಹಾಡುಗಾರನ ಯೋಗ್ಯತೆಯನ್ನು ಹೇಳುವುದು ಟಿವಿಯಲ್ಲ, ಕಬ್ಬಿನ ಟ್ರ್ಯಾಕ್ಟರ್. ಕಬ್ಬು ಕಡಿಯುವ ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬೀಳುತ್ತದೆ. ಡ್ರೈವರನ ತಲೆಯ ಹಿಂದೆ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಿಗಳು, ಹಾಡಿನ ಹೊಡೆತಕ್ಕೆ ರಸ್ತೆ ಬದಿಯ ಮನೆಗಳ ಪಾತ್ರೆಗಳು ನಡುಗುತ್ತವೆ. ಆ ಡಬ್ಬಿಯಲ್ಲಿ ಹಾಡು ಬಂದರೆ ಅವನು ಕಲಾವಿದ, ಬಾರದಿದ್ದರೆ ಅಡ್ಡಾಡುವವ.

ಕಳೆದ ಹಂಗಾಮಿನ ಮೊದಲಿಗೆ ಅವ್ವನ ತಾಳ್ಮೆ ಮುಗಿಯಿತು. “ತಮ್ಮಾ, ಸಾಕ ಮಾಡೋ. ಇವರ ಪೈಪಿನ ಅಂಗಡ್ಯಾಗ ಕುಂಡ್ರು, ಮರ್ಯಾದಿಲೆ ಬದಕು” ಅಂದಳು. ಪೈಪಿನ ಅಂಗಡಿ ನಮ್ಮ ಅಪ್ಪನದು.

ಮಾಮಾ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ. “ಈ ಹಂಗಾಮ ಒಂದ ಬಿಡ ಅಕ್ಕಾ. ಒಂದ ಟ್ರ್ಯಾಕ್ಟರ್ದಾಗರೆ ನನ್ನ ಹಾಡ ಕೇಳ್ಲಿಲ್ಲಂದ್ರ ಗಿಟಾರ್ ಅಟ್ಟಕ್ಕ ಏರಸ್ತೀನಿ, ಅಂಗಡ್ಯಾಗ ಕುಂಡ್ರತೀನಿ. ಮಾತ ಅಂದ್ರ ಮಾತ.”

ಅಂದಿನಿಂದ ಅವನು ಸಕ್ಕರೆ ಕಾರ್ಖಾನೆಗಳ ಮುಂದೆ ಸಾಲು ನಿಂತ ಟ್ರ್ಯಾಕ್ಟರುಗಳಿಗೆ ತನ್ನ ಹಾಡು ತುಂಬಿದ ಪೆನ್ ಡ್ರೈವ್ ಹಂಚುತ್ತ ಹೋದ. ಕೆಲವರು ಅದನ್ನು ಅಳಿಸಿ ಡಿಜೆ ಹಾಡು ತುಂಬಿಕೊಂಡರು. ಒಬ್ಬನಾದರೂ ನಿಜ ಹೇಳಿದ. “ಹಾಡ ಚಲೋ ಐತಿ ಅಣ್ಣಾ. ಆದ್ರ ಹಿಂದ ಎರಡ ಟ್ರಾಲಿ ಕಬ್ಬ ಇರ್ತೈತಿ. ನನ್ನ ಕಣ್ಣ ಮುಚ್ಚಿದ್ರ ನಾನೂ ಹೋಗ್ತೀನಿ, ಎದರಿನವ್ರೂ ಹೋಗ್ತಾರ.”

ದಿನಾ ಸಂಜೆ ಅವನು ಊರ ಹೊರಗೆ ಕರೋಶಿ ಹಳ್ಳಿಯ ರಸ್ತೆಗೆ ಹೋಗಿ ನಿಲ್ಲುತ್ತಿದ್ದ. ದೂರದಿಂದ ಸದ್ದು ಕೇಳಿದೊಡನೆ ಕಿವಿ ನಿಮಿರುತ್ತಿತ್ತು, ಟ್ರ್ಯಾಕ್ಟರು ಎದುರಿಗೆ ಬಂದಾಗ ಮುಖ ಇಳಿಯುತ್ತಿತ್ತು. ಗದ್ದೆಗಳು ಬೋಳಾಗುತ್ತ ಬಂದವು, ಟ್ರ್ಯಾಕ್ಟರುಗಳು ಕಡಿಮೆಯಾದವು. ಅವನು ಗಡ್ಡ ತೆಗೆಯುವುದನ್ನು ಬಿಟ್ಟ, ಹೊಸ ಹಾಡು ಕಟ್ಟುವುದನ್ನೂ ಬಿಟ್ಟ. ಅಷ್ಟು ವರ್ಷ ಅವನನ್ನು ಗೇಲಿ ಮಾಡಿದ್ದ ನನಗೆ ಆಗ ಅವನ ಮುಖ ನೋಡಲಾಗುತ್ತಿರಲಿಲ್ಲ.

ಹಂಗಾಮು ಮುಗಿಯುವ ವಾರ. ಕಾಗವಾಡದಲ್ಲಿ ಒಂದು ಹುಟ್ಟುಹಬ್ಬಕ್ಕೆಂದು ನನ್ನ ಬೈಕಿನಲ್ಲಿ ಹೋದೆವು. ಅಲ್ಲಿ ನೋಡಿದರೆ ಡಿಜೆ ಬಂದಿತ್ತು. ಹಾಡದೆಯೇ ಮಾಮಾ ಗಿಟಾರ್ ಹೆಗಲಿಗೇರಿಸಿಕೊಂಡು ಹಿಂದೆ ಕೂತ. ಮಧ್ಯಾಹ್ನದ ಬಿಸಿಲು. ದಾರಿಯಲ್ಲಿ ಒಂದು ಬೇವಿನ ಮರ ಸಿಕ್ಕಿತೆಂದು ನೀರು ಕುಡಿಯಲು ಗಾಡಿ ನಿಲ್ಲಿಸಿದೆ.

ಮರದ ಕೆಳಗೆ ಅರ್ಧ ಕಬ್ಬು ಹೇರಿದ ಟ್ರಾಲಿಯೊಂದು ನಿಂತಿತ್ತು. ಟ್ರ್ಯಾಕ್ಟರ್ ಬಂದ್ ಆಗಿತ್ತು, ಡ್ರೈವರ್ ಎಲ್ಲೋ ಊಟಕ್ಕೆ ಹೋಗಿದ್ದ. ಟ್ರಾಲಿಯ ಅಡಿಯ ನೆರಳಿನಲ್ಲಿ ಹಳೆಯ ಸೀರೆ ಕಟ್ಟಿ ಕೂಸಿಗೆ ಜೋಳಿಗೆ ಮಾಡಿದ್ದರು. ಮಹಾರಾಷ್ಟ್ರದಿಂದ ಕಬ್ಬು ಕಡಿಯಲು ಬಂದ ಹೆಂಗಸೊಬ್ಬಳು ಒಂದು ಕೈಯಲ್ಲಿ ಭಾಕರಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಜೋಳಿಗೆ ತೂಗುತ್ತಿದ್ದಳು. ಜೋಳಿಗೆಯ ಹಗ್ಗಕ್ಕೆ ಸಿಕ್ಕಿಸಿದ್ದ ಫೋನಿನಿಂದ ಸಣ್ಣಗೆ ಹಾಡು ಬರುತ್ತಿತ್ತು.

ಹೊಳಿ ಇಳದಮ್ಯಾಲ ಬಾ ಅಂಬಿಗಾ, ನನಗೇನ ಅವಸರಿಲ್ಲ.

ಮಾಮಾ ಬಾಟಲಿ ಹಿಡಿದುಕೊಂಡೇ ನಿಂತುಬಿಟ್ಟ. ನಾನು ನನಗೆ ಬರುವ ಮರಾಠಿಯಲ್ಲಿ ಹಾಡು ಎಲ್ಲಿಯದೆಂದು ಕೇಳಿದೆ. ಡ್ರೈವರನ ಪೆನ್ ಡ್ರೈವಿನದು, ಅವನಿಗೆ ಬೇಡವಾಗಿತ್ತು, ತನ್ನ ಫೋನಿಗೆ ಹಾಕಿಕೊಟ್ಟ ಅಂದಳು. ಆಮೇಲೆ ದನಿ ತಗ್ಗಿಸಿ, “ಅರ್ಥ ಕಾಯ ಕಳತ ನಾಯ, ಪಣ ಹೆ ಲಾವಲ್ಯಾಬಿಗರ ಪೋರ್ಗಿ ಝೋಪತ ನಾಯ” ಅಂದಳು. ಅರ್ಥ ಏನೂ ತಿಳಿಯುವುದಿಲ್ಲ, ಆದರೆ ಇದನ್ನು ಹಚ್ಚದಿದ್ದರೆ ಮಗಳು ಮಲಗುವುದಿಲ್ಲವಂತೆ.

ಆ ಹಾಡಿನವನು ಇವನೇ ಎಂದು ಹೇಳಲು ನಾನು ಬಾಯಿ ತೆರೆದೆ. ಮಾಮಾ ನನ್ನ ತೋಳು ಬಿಗಿಯಾಗಿ ಹಿಡಿದು ಬೈಕಿನ ಕಡೆ ಎಳೆದ. ಬಾಗಿ ಒಂದು ಸಲ ಜೋಳಿಗೆಯೊಳಗೆ ನೋಡಿ ಬಂದ. ನಾನು ಕೀಲಿ ತಿರುಗಿಸಲು ಹೋದರೆ ಕೈ ಅಡ್ಡ ಇಟ್ಟ. ಇಬ್ಬರೂ ಬೈಕನ್ನು ದೂಡಿಕೊಂಡು ಹೊರಟೆವು.

“ಗೆದ್ದಿ ಮಾಮಾ. ಅವ್ವಗ ಹೇಳೂಣು ನಡಿ” ಅಂದೆ.

“ಟ್ರ್ಯಾಕ್ಟರ್ ಬಂದ್ ಇತ್ತಲೇ. ಹಾಡಿದ್ದು ಫೋನು. ಸೋಮವಾರದಿಂದ ಅಂಗಡಿ.”

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಟ್ರಾಲಿ ಹಿಂದೆ ಉಳಿದು ಹಾಡು ಕೇಳದಷ್ಟು ದೂರ ಬಂದಿದ್ದೆವು. ಇನ್ನಾದರೂ ಚಾಲೂ ಮಾಡೋಣವೆಂದು ನಾನು ಕಿಕ್‌ನ ಮೇಲೆ ಕಾಲಿಟ್ಟೆ.

“ತಡೀಲೇ” ಅಂದ ಮಾಮಾ. “ಇನ್ನೊಂದೀಟ ದೂಡು. ಕೂಸು ಎದ್ದೀತು.”