ಅಕ್ಕನಿಗೆ ಹೆದರಿ ಹಾಕದ ವೋಟು

ಹೆದರಿಕೆ ಎನ್ನುವುದು ಕೆಲವರಿಗೆ ಯಾವಾಗಲೋ ಒಮ್ಮೆ ಬಂದು ಹೋಗುವ ನೆಗಡಿ. ನನಗೆ ಅದು ಬೆಳಗಿನ ಕಾಫಿ. ಒಂದಿಷ್ಟು ಒಳಗೆ ಹೋಗದಿದ್ದರೆ ದಿನ ಶುರುವಾಗುವುದೇ ಇಲ್ಲ. ಹಾಗೆಂದು ನಾನು ಹಾವಿಗೋ ಜೇಡಕ್ಕೋ ಹೆದರುವವನಲ್ಲ. ಆಸ್ಟ್ರೇಲಿಯಾದಲ್ಲಿ ಎರಡೂ ಧಾರಾಳವಾಗಿವೆ, ಆದರೆ ಅವು ಎದುರಿಗೆ ನಿಂತು ‘ನೀನು ಯಾರ ಕಡೆ’ ಎಂದು ಕೇಳುವುದಿಲ್ಲ. ಹಾಗೆ ಕೇಳುವ ಮನುಷ್ಯರನ್ನು ಕಂಡರೆ ನನಗೆ ಅಂಗೈ ಬೆವರುತ್ತದೆ. ಅವರಲ್ಲಿ ಮೊದಲನೆಯವಳು ನನ್ನ ಒಡಹುಟ್ಟಿದ ಅಕ್ಕ, ಸರೋಜ.

ನಾವಿಬ್ಬರೂ ಮೈಸೂರಿನವರಾದರೂ ಇಪ್ಪತ್ತು ವರ್ಷ ಅಮೆರಿಕದ ಒಹಾಯೋದ ಒಂದು ಸಣ್ಣ ಊರಿನಲ್ಲಿ ಹಿಂದುಮುಂದಿನ ಬೀದಿಗಳಲ್ಲಿ ಇದ್ದೆವು. ಭಾವ ಅಲ್ಲಿ ಹಲ್ಲಿನ ಡಾಕ್ಟರು. ನಾನು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ನೋಡುವವನು. ಇಬ್ಬರ ಮನೆಯವರೂ ಆ ದೇಶದ ಪೌರರಾದೆವು. ಅಕ್ಕ ರಿಪಬ್ಲಿಕನ್ ಪಕ್ಷ ಸೇರಿದಳು. ಅಕ್ಕ ಸೇರಿದ್ದರಿಂದ ನಾನೂ ಸೇರಿದೆ. ಚುನಾವಣೆ ಬಂತೆಂದರೆ ಅವಳು ಸೀರೆಯ ಮೇಲೆ ಕೋಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಮನೆಮನೆಯ ಬಾಗಿಲು ಬಡಿಯುತ್ತಿದ್ದಳು. ಕರಪತ್ರದ ಚೀಲ ಹೊತ್ತು ಹಿಂದೆ ನಡೆಯುತ್ತಿದ್ದ ನಾನು, ಈ ಮನೆಯಲ್ಲಿ ಯಾರೂ ಇಲ್ಲದಿರಲಿ, ಇದ್ದರೂ ನಾಯಿ ಇಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆ ವರ್ಷಗಳಲ್ಲಿ ನಾನು ಪಕ್ಷಕ್ಕಾಗಿ ಮಾಡಿದ್ದು ಈ ಪ್ರಾರ್ಥನೆಯೊಂದೇ.

ಭಾವ ತೀರಿಕೊಂಡ ಮೇಲೆ ಅಕ್ಕ ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿರುವ ಮಗಳು ಮೇಘನಾಳ ಮನೆಗೆ ಬಂದಳು. ಹೆಂಡತಿ ಗೀತಾಳ ಕೆಲಸದ ದೆಸೆಯಿಂದ ನಾನು ಅದಕ್ಕೂ ಮೊದಲೇ ಸಿಡ್ನಿಯ ಮಾರ್ಸ್‌ಡನ್ ಪಾರ್ಕ್ ಬಡಾವಣೆ ಸೇರಿದ್ದೆ. ಈಗ ನಾನು ಇಲ್ಲಿಯ ಪೌರನೂ ಹೌದು. ಇಲ್ಲಿ ವೋಟು ಹಾಕದಿದ್ದರೆ ದಂಡದ ಕಾಗದ ಬರುತ್ತದೆ. ಆದ್ದರಿಂದ ಮತಗಟ್ಟೆ ತೆರೆಯುವ ಮೊದಲೇ ಹೋಗಿ ನಿಲ್ಲುತ್ತೇನೆ, ಹೊರಗೆ ಮಾರುವ ಸಾಸೇಜ್ ಬ್ರೆಡ್ಡಿನಲ್ಲಿ ಮಾಂಸದ ಆ ಸಾಸೇಜ್ ಬಿಡಿಸಿ ಬರೀ ಈರುಳ್ಳಿ ಹಾಕಿಸಿಕೊಂಡು ತಿನ್ನುತ್ತೇನೆ. ಅಮೆರಿಕದ ವೋಟಿಗೆ ದಂಡವಿಲ್ಲ. ದಂಡದ ಜಾಗದಲ್ಲಿ ಅಕ್ಕ ಇದ್ದಾಳೆ.

ಹೊರದೇಶದಲ್ಲಿದ್ದರೂ ನಮ್ಮಂಥವರು ಅಲ್ಲಿನ ಚುನಾವಣೆಗೆ ಅಂಚೆಯಲ್ಲಿ ಮತ ಕಳಿಸಬಹುದು. ಸಿಡ್ನಿ, ಮೆಲ್ಬರ್ನ್ ಸೇರಿ ಹಾಗೆ ರಿಪಬ್ಲಿಕನ್ ಆಗಿ ಉಳಿದ ಕನ್ನಡದವರು ಒಂದು ಡಜನ್ ಇದ್ದೇವೆ, ಒಂದು ವಾಟ್ಸಪ್ ಗುಂಪಿದೆ. ಅಧ್ಯಕ್ಷ ಸ್ಥಾನಕ್ಕೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಸಾಮಾನ್ಯ ಮತದಾರರೇ ಆರಿಸುವ ಮೊದಲ ಸುತ್ತಿನ ಚುನಾವಣೆ ಬರುವವರೆಗೂ ಅದರಲ್ಲಿ ಹೂವಿನ ಚಿತ್ರಗಳು, ಮಂಡಿನೋವಿನ ಔಷಧಗಳು ಓಡಾಡುತ್ತಿದ್ದವು. ಆ ಸಲ ಇಬ್ಬರು ಮುಂದಿದ್ದರು. ಒಬ್ಬರದು ಜೋರು ಬಾಯಿ. ಇನ್ನೊಬ್ಬರು ಅಲ್ಲಿನ ಒಂದು ರಾಜ್ಯ ಆಳುತ್ತಿದ್ದ ಮೆದುಮಾತಿನ ಗವರ್ನರ್. ಗುಂಪು ಎರಡು ಹೋಳಾಯಿತು, ಅದೂ ಊರಿನ ಲೆಕ್ಕದಲ್ಲಿ.

ಸಿಡ್ನಿಯ ಮುಂದಾಳು ಡಾಕ್ಟರ್ ಪ್ರಹ್ಲಾದ ರಾವ್, ಮಿಷಿಗನ್‌ನಲ್ಲಿ ಕಣ್ಣಿನ ವೈದ್ಯರಾಗಿದ್ದು ನಿವೃತ್ತರಾದವರು. ಹ್ಯಾರಿಸ್ ಪಾರ್ಕಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತ, ಪಕ್ಷ ಎಂದರೆ ಒಂದು ನಡತೆ, ಆ ನಡತೆಯನ್ನೇ ಗಾಳಿಗೆ ತೂರುವವನಿಗೆ ವೋಟು ಹಾಕುವುದು ಪಕ್ಷದ್ರೋಹ ಎಂದು ನನ್ನ ಕಣ್ಣಿಗೆ ಚುಚ್ಚುವಷ್ಟು ಹತ್ತಿರ ಬೆರಳು ತಂದು ಹೇಳಿದರು. ನಾನು ಹೆದರಿ, ಗವರ್ನರಿಗೇ ಹಾಕಿದೆ ಎಂದೆ. ಅಂದೇ ಸಂಜೆ ಮೆಲ್ಬರ್ನಿನ ಮುಂದಾಳು ಅಕ್ಕನ ಫೋನು. ಅಭ್ಯರ್ಥಿಗಳು ಬರುತ್ತಾರೆ ಹೋಗುತ್ತಾರೆ, ಪಕ್ಷ ಆರಿಸಿದವರ ಹಿಂದೆ ನಿಲ್ಲದಿದ್ದರೆ ಎದುರು ಪಕ್ಷವನ್ನು ಆರತಿ ಎತ್ತಿ ಕರೆದ ಹಾಗೆ ಎಂದಳು. ಗೆಲ್ಲುವ ಲಕ್ಷಣ ಜೋರು ಬಾಯಿಗೇ ಇತ್ತು. ಅಕ್ಕನೂ ಅವರ ಕಡೆಯೇ ಎಂದುಕೊಂಡು, ಅವರಿಗೇ ಹಾಕಿದೆ ಎಂದೆ.

ನಿಜವೇನೆಂದರೆ ನಾನು ಯಾರಿಗೂ ಹಾಕಿರಲಿಲ್ಲ. ಮತಪತ್ರ ಮುದ್ರಿಸಿಕೊಂಡು ಊಟದ ಮೇಜಿನ ಮುಂದೆ ಮೂರು ದಿನ ಕೂತೆ. ಪೆನ್ನು ಒಂದು ಹೆಸರಿನ ಹತ್ತಿರ ಹೋದರೆ ಡಾಕ್ಟರ ಬೆರಳು ಕಾಣುತ್ತಿತ್ತು, ಇನ್ನೊಂದರ ಹತ್ತಿರ ಹೋದರೆ ಅಕ್ಕನ ಹುಬ್ಬು. ನಾಲ್ಕನೆಯ ದಿನ ಅದನ್ನು ಕವರಿನ ಸಮೇತ ಡ್ರಾಯರಿನಲ್ಲಿ ವಾಷಿಂಗ್ ಮೆಷಿನ್ನಿನ ಗ್ಯಾರಂಟಿ ಕಾಗದಗಳ ನಡುವೆ ಇಟ್ಟು, ಗಡುವು ಮುಗಿಯುವವರೆಗೆ ಆ ಡ್ರಾಯರ್ ತೆರೆಯಲಿಲ್ಲ. ಗೀತಾ ಕೇಳಿದಾಗ ಅಂಚೆಗೆ ಹಾಕಿದೆ ಎಂದೆ. ಅವಳು ನಂಬಲಿಲ್ಲ, ನನ್ನ ಜತೆ ಇಪ್ಪತ್ತೆಂಟು ವರ್ಷ ಕಳೆದವಳು.

ಅಷ್ಟರಲ್ಲಿ ಎರಡು ಹೋಳನ್ನೂ ಕೂಡಿಸುತ್ತೇನೆಂದು ಅಕ್ಕ ಒಂದು ಶನಿವಾರ ಎಲ್ಲರನ್ನೂ ಮೇಘನಾಳ ಮನೆಗೆ ಊಟಕ್ಕೆ ಕರೆದಳು. ನನಗೆ ಜ್ವರ ಬಂದಿದೆ ಎಂದು ಹೇಳೋಣವೆಂದರೆ ಡಾಕ್ಟರು ನನ್ನ ಟಿಕೆಟ್ಟನ್ನೂ ಬುಕ್ ಮಾಡಿಬಿಟ್ಟಿದ್ದರು, ತಮ್ಮ ಪಕ್ಕದ ಸೀಟು. ವಿಮಾನ ಗಾಳಿಗೆ ಸಿಕ್ಕಿ ಕುಲುಕಿದಾಗ ಉಳಿದವರು ಸೀಟಿನ ಕೈ ಹಿಡಿದುಕೊಂಡರು. ಹಿಂದಕ್ಕೆ ತಿರುಗಿಸಿದರೆ ಎಷ್ಟು ಚೆನ್ನ ಎಂದು ನಾನೊಬ್ಬ ಕಿಟಕಿ ನೋಡುತ್ತಿದ್ದೆ.

ವಾಂಗಿಭಾತ್ ಮುಗಿದು ಮೊಸರನ್ನಕ್ಕೆ ಬರುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಅಕ್ಕ ಎದ್ದು, ಕೊನೆಗೆ ಯಾರೇ ಅಭ್ಯರ್ಥಿಯಾದರೂ ಪಕ್ಷದ ಜತೆ ನಿಲ್ಲುತ್ತೀರಾ ಇಲ್ಲವಾ, ಒಬ್ಬೊಬ್ಬರಾಗಿ ಹೇಳಿ ಎಂದಳು. ಡಾಕ್ಟರು ತಟ್ಟೆ ಪಕ್ಕಕ್ಕೆ ಸರಿಸಿ, ಖಾಲಿ ಚೆಕ್ಕಿಗೆ ಸಹಿ ಹಾಕುವ ಜನ ತಾವಲ್ಲ ಎಂದರು. ಮಾತಿಗೆ ಮಾತು ಏರಿತು. ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟರು.

“ನಿಮ್ಮ ತಮ್ಮನೇ ನಮ್ಮ ಕಡೆ ಇದಾರೆ ಮೇಡಂ. ಗವರ್ನರಿಗೆ ಹಾಕಿದಾರೆ.”

“ಅವನು ನನಗೆ ಹೇಳಿದ್ದೇ ಬೇರೆ,” ಎಂದಳು ಅಕ್ಕ.

ಹನ್ನೆರಡು ಜನ ತಿನ್ನುವುದನ್ನು ನಿಲ್ಲಿಸಿದರು. ಕಿವಿಯಲ್ಲಿ ಪ್ರೆಶರ್ ಕುಕ್ಕರ್ ಕೂಗಿದಂತಾಯಿತು. ಮೂರನೆಯ ಸುಳ್ಳಿಗಾಗಿ ಹುಡುಕಿದೆ. ಹೆದರಿಕೆ ಹೆಚ್ಚಾದಾಗ ಸುಳ್ಳು ಕೂಡ ಒದಗಿ ಬರುವುದಿಲ್ಲ. “ನಾನು ಯಾರಿಗೂ ಹಾಕಿಲ್ಲ. ಕವರು ಮನೇಲೇ ಇದೆ,” ಎಂದೆ.

“ಮಾಮಾ, ಯು ಡಿಡ್ ವಾಟ್?” ಎಂದಳು ಮೇಘನಾ.

ವಾರಗಟ್ಟಲೆ ಕೂಡದಿದ್ದ ಎರಡು ಬಣಗಳು ಒಂದೇ ಗಳಿಗೆಯಲ್ಲಿ ಕೂಡಿದವು. ಎದುರಾಳಿಗೆ ಹಾಕಿದವನನ್ನಾದರೂ ಕ್ಷಮಿಸಬಹುದು, ಹಾಕದೇ ಕೂತವನನ್ನು ಏನು ಮಾಡುವುದು ಎಂದು ಡಾಕ್ಟರು ಅಕ್ಕನನ್ನೇ ಕೇಳಿದರು. ಅಕ್ಕ ಅವರಿಗೆ ಇನ್ನೊಂದು ಸೌಟು ಮೊಸರನ್ನ ಬಡಿಸಿದಳು. ನನಗೆ ಬಡಿಸಲಿಲ್ಲ.

ಎಲ್ಲರೂ ಹಿತ್ತಲಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವಳು ನನ್ನನ್ನು ಅಡುಗೆಮನೆಗೆ ಕರೆದಳು. ಬೈಗುಳಕ್ಕೆ ತಯಾರಾಗಿ ಫ್ರಿಜ್ಜಿಗೆ ಒರಗಿ ನಿಂತೆ. ಅವಳು ಬೈಯಲಿಲ್ಲ. ಭಾವ ಹೋದ ವರ್ಷದ ಮಾತು ತೆಗೆದಳು. ಒಹಾಯೋದ ಆ ಊರಿನ ಪಕ್ಷದ ಜನ ಸರದಿ ಹಾಕಿಕೊಂಡು ಊಟ ತಂದದ್ದು, ಬೇಸಿಗೆ ಪೂರ್ತಿ ಬಂದು ಹುಲ್ಲು ಕತ್ತರಿಸಿ ಹೋದದ್ದು ನನಗೂ ಗೊತ್ತಿತ್ತು.

“ಅವರಲ್ಲಿ ಅರ್ಧ ಜನಕ್ಕೆ ಆ ಜೋರು ಬಾಯಿ ಮನುಷ್ಯ ಹಿಡಿಸಲ್ಲ ಕಣೋ. ನನಗೂ ಹಿಡಿಸಲ್ಲ. ನಾನು ಹಾಕಿದ್ದು ಗವರ್ನರಿಗೇ. ಆದರೆ ಪಕ್ಷ ಅವನನ್ನೇ ನಿಲ್ಲಿಸಿದರೆ, ಆ ಜನಕ್ಕೋಸ್ಕರ ಅವನಿಗೇ ಹಾಕ್ತೀನಿ.”

ಅವಳು ಹೀಗೆ ಯೋಚಿಸಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಹೊಳೆಯುವಷ್ಟು ಹೊತ್ತು ಅವಳ ಮುಖವನ್ನು ನಾನು ನೋಡಿದವನೇ ಅಲ್ಲ. ಅಕ್ಕ ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಈ ಅರವತ್ತು ವರ್ಷದಲ್ಲಿ ನಾನು ಕೇಳಿರದಷ್ಟು ಸಣ್ಣ ದನಿಯಲ್ಲಿ ಕೇಳಿದಳು: “ಒಂದು ವೋಟು ಹಾಕೋಕೂ ಹೆದರೋ ಹಾಗೆ ನಾನು ನಿನಗೇನು ಮಾಡಿದೀನೋ?”

“ನೀನೇನೂ ಮಾಡಿಲ್ಲ ಅಕ್ಕ,” ಎಂದೆ ತಕ್ಷಣ. ಅದನ್ನೂ ಹೆದರಿಯೇ ಹೇಳಿದೆ.